ಜಾವಾದ ಹಳ್ಳಿಯಲ್ಲಿ ಜಾಗ: ಡ್ರೈವರ್ ಹೆಸರಲ್ಲಿ ಕೊಳ್ಳಬಹುದಾ?

ಓದುಗರ ಪ್ರಶ್ನೆ: ನಾನು ಸಾಗರದ ಕಡೆಯವನು. ಸಿಂಗಾಪುರದಲ್ಲಿ ಸಾಫ್ಟ್‌ವೇರ್ ಕೆಲಸ, ಪಾಸ್‌ಪೋರ್ಟ್ ಭಾರತದ್ದೇ. ಕೆಲವು ವರ್ಷಗಳಿಂದ ರಜೆ ಸಿಕ್ಕಾಗಲೆಲ್ಲ ಇಂಡೊನೇಷ್ಯಾದ ಮಧ್ಯ ಜಾವಾದಲ್ಲಿ ಬೊರೊಬುದುರ್ ಬೌದ್ಧ ದೇವಾಲಯದ ಹತ್ತಿರ, ಮೆನೊರೆಹ್ ಬೆಟ್ಟದ ಬುಡದ ಒಂದು ಹಳ್ಳಿಗೆ ಹೋಗಿಬರುತ್ತೇನೆ. ತೆಂಗು, ಬಾಳೆ, ಗದ್ದೆ, ಹಂಚಿನ ಮನೆ ಎಲ್ಲ ನಮ್ಮೂರಿನ ಹಾಗೇ ಇದೆ. ಅಲ್ಲಿ ನನ್ನನ್ನು ಕರೆದುಕೊಂಡು ಓಡಾಡುವ ಡ್ರೈವರ್ ಒಳ್ಳೆಯ ಮನುಷ್ಯ. ರಸ್ತೆ ಪಕ್ಕ 1,800 ಚದರ ಮೀಟರ್ ಗದ್ದೆ ಮಾರಾಟಕ್ಕಿದೆಯಂತೆ. "ನೀವು ವಿದೇಶಿಯರು, ನಿಮ್ಮ ಹೆಸರಿಗೆ ಆಗಲ್ಲ. ನನ್ನ ಹೆಸರಲ್ಲಿ ತಗೊಳ್ಳಿ, ನೋಟರಿ ಹತ್ತಿರ ಒಪ್ಪಂದ ಮಾಡಿಕೊಳ್ಳೋಣ" ಅನ್ನುತ್ತಾನೆ. ಮನೆ ಮತ್ತು ಮೂರು ಕೋಣೆಯ ಹೋಂಸ್ಟೇ ಸೇರಿ 60 ಲಕ್ಷ ರೂಪಾಯಿ ಹಾಕುವ ಯೋಚನೆ ಇದೆ. ವರ್ಷದಲ್ಲಿ ಕೆಲವು ತಿಂಗಳು ಅಲ್ಲಿಂದಲೇ ಕೆಲಸ ಮಾಡುತ್ತೇನೆ, ಅಪ್ಪ ಅಮ್ಮನನ್ನೂ ಕರೆತರುತ್ತೇನೆ. ಬಾಲಿಯಲ್ಲಿ ಎಲ್ಲರೂ ಹೀಗೇ ಮಾಡಿದ್ದಾರೆ ಅಂತ ಸ್ನೇಹಿತರು ಹೇಳುತ್ತಾರೆ. ಇದು ಸುರಕ್ಷಿತವಾ? ಹೋಂಸ್ಟೇಯಿಂದ ಆದಾಯ ಬರುತ್ತದಾ? ಊರಿನವರು ನಮ್ಮನ್ನು ಸೇರಿಸಿಕೊಳ್ಳುತ್ತಾರಾ?

ಉತ್ತರ:

ಡ್ರೈವರ್ ಹೆಸರಲ್ಲಿ ಜಾಗ ಕೊಳ್ಳಬೇಡಿ. ಆತ ಒಳ್ಳೆಯವನಾ ಕೆಟ್ಟವನಾ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ. ವಿದೇಶದಲ್ಲಿ ಆಸ್ತಿ ಮಾಡುವ ಭಾರತೀಯರ ಕಾಗದಪತ್ರ ನೋಡುವುದು ನನ್ನ ಕೆಲಸ. ಇಂಡೊನೇಷ್ಯಾದಿಂದ ನನ್ನ ಮೇಜಿಗೆ ಬರುವ ಜಗಳಗಳಲ್ಲಿ ಹೆಚ್ಚಿನವು ಈ ಮಾದರಿಯವೇ. ಹೆಸರು ಕೊಟ್ಟವನು ಮೋಸಗಾರ ಆಗಿರುವುದು ಕಡಿಮೆ. ಆತ ತೀರಿಕೊಂಡಿರುತ್ತಾನೆ, ಇಲ್ಲವೇ ವಿಚ್ಛೇದನ ಆಗಿರುತ್ತದೆ, ಇಲ್ಲವೇ ಮಗಳ ಮದುವೆಗೆ ಅದೇ ಜಮೀನಿನ ಸರ್ಟಿಫಿಕೇಟ್ ಇಟ್ಟು ಬ್ಯಾಂಕ್ ಸಾಲ ತೆಗೆದಿರುತ್ತಾನೆ. ಅವನ ಹೆಂಡತಿ ಮಕ್ಕಳಿಗೆ ನಿಮ್ಮ ಒಪ್ಪಂದ ಇದ್ದದ್ದೇ ಗೊತ್ತಿರುವುದಿಲ್ಲ. ಅವರ ಪಾಲಿಗೆ ಅದು ಅಪ್ಪನ ಜಮೀನು, ಅಷ್ಟೇ.

ಕಾನೂನು ಏನನ್ನುತ್ತದೆ ನೋಡೋಣ. ಇಂಡೊನೇಷ್ಯಾದ ಭೂಮಿಗೆಲ್ಲ ತಾಯಿ ಕಾನೂನು 1960ರ ಮೂಲ ಕೃಷಿಭೂಮಿ ಕಾಯ್ದೆ. ಪೂರ್ತಿ ಒಡೆತನಕ್ಕೆ ಅಲ್ಲಿ 'ಹಕ್ ಮಿಲಿಕ್' ಅನ್ನುತ್ತಾರೆ. ಅದು ಆ ದೇಶದ ನಾಗರಿಕರಿಗೆ ಮಾತ್ರ. 26ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನೇರವಾಗಿ ಆಗಲಿ, ಸುತ್ತಿ ಬಳಸಿ ಆಗಲಿ, ವಿದೇಶಿಯರಿಗೆ ಹಕ್ ಮಿಲಿಕ್ ದಾಟಿಸುವ ಯಾವುದೇ ವ್ಯವಹಾರ ಅಸಿಂಧು. ಜಾಗ ಸರ್ಕಾರಕ್ಕೆ ಸೇರುತ್ತದೆ, ಕೊಟ್ಟ ದುಡ್ಡನ್ನು ವಾಪಸ್ ಕೇಳುವ ಹಾಗಿಲ್ಲ. 'ಸುತ್ತಿ ಬಳಸಿ' ಅನ್ನುವ ಮಾತು ನಿಮ್ಮ ಡ್ರೈವರ್ ಹೇಳುತ್ತಿರುವ ವ್ಯವಸ್ಥೆಗೇ ಹೇಳಿ ಬರೆಸಿದಂತಿದೆ. ನಮ್ಮಲ್ಲಿ ಬೇನಾಮಿ ಅಂದರೆ ಎಲ್ಲರಿಗೂ ಗೊತ್ತಲ್ವಾ, ಇದೂ ಅದೇ.

ನೋಟರಿ ಒಪ್ಪಂದ ಅಂದರೆ ಸಾಮಾನ್ಯವಾಗಿ ಒಂದು ಕಟ್ಟು ಕಾಗದ ಕೊಡುತ್ತಾರೆ. ನೀವು ಡ್ರೈವರ್‌ಗೆ ಸಾಲ ಕೊಟ್ಟಿದ್ದೀರಿ ಅಂತ ಒಂದು ಪತ್ರ, ಆ ಸಾಲಕ್ಕೆ ಜಾಗ ಅಡ ಇಟ್ಟಿದ್ದಾನೆ ಅಂತ ಇನ್ನೊಂದು, ಹಿಂಪಡೆಯಲಾಗದ ಪವರ್ ಆಫ್ ಅಟಾರ್ನಿ ಮತ್ತೊಂದು. ಜಮೀನಿನ ವಿಷಯದಲ್ಲಿ ಇಂಥ ಪೂರ್ಣಾಧಿಕಾರದ ಪವರ್ ಆಫ್ ಅಟಾರ್ನಿಯನ್ನು 1982ರಲ್ಲೇ ಗೃಹ ಸಚಿವಾಲಯ ನಿಷೇಧಿಸಿದೆ. ಉಳಿದ ಪತ್ರಗಳು ಬಿಡಿಬಿಡಿಯಾಗಿ ಸರಿ ಕಾಣುತ್ತವೆ. ಒಟ್ಟಿಗೆ ಇಟ್ಟರೆ ಉದ್ದೇಶ ಏನು ಅಂತ ನ್ಯಾಯಾಧೀಶರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಕಂಪನಿ ಮಾಡಿ ಷೇರುಗಳನ್ನು ಸ್ಥಳೀಯರ ಹೆಸರಲ್ಲಿ ಇಡುವ ದಾರಿಯನ್ನೂ 2007ರ ಹೂಡಿಕೆ ಕಾಯ್ದೆಯ 33ನೇ ಕಲಂ ಮುಚ್ಚಿದೆ.

ಹಾಗಾದರೆ ಬಾಲಿಯಲ್ಲಿ ಇಷ್ಟು ಜನ ಹೇಗೆ ಮಾಡಿದ್ದಾರೆ? ಮಾಡಿದ್ದಾರೆ, ನಿಜ. ಜಗಳ ಬರುವ ತನಕ ಯಾರೂ ಬಂದು ಕೇಳುವುದಿಲ್ಲ, ಅದೂ ನಿಜ. ಆದರೆ ಜಗಳ ಬಂದ ದಿನ ನೀವು ಕೋರ್ಟಿಗೆ ಹೋಗಿ "ಇದು ನನ್ನದು" ಅನ್ನುವುದಕ್ಕೆ ಆಗುವುದಿಲ್ಲ. ಹಾಗೆ ಅಂದರೆ ಕಾನೂನು ಮುರಿದದ್ದನ್ನು ನೀವೇ ಒಪ್ಪಿಕೊಂಡ ಹಾಗೆ. ಇದು ಗೊತ್ತಿದ್ದೇ ಎದುರು ಪಕ್ಷ ಮಾತಾಡುತ್ತದೆ. ಜಾಗದ ಬೆಲೆ ಏರಿದಷ್ಟೂ ಅವರ ಧೈರ್ಯವೂ ಏರುತ್ತದೆ.

ಈ ಕಾನೂನು ಇಷ್ಟು ಬಿಗಿ ಯಾಕೆ ಅಂತ ತಿಳಿದುಕೊಂಡರೆ ಅದರ ಸುತ್ತ ದಾರಿ ಹುಡುಕುವ ಆಸೆ ಕಡಿಮೆ ಆಗುತ್ತದೆ. ಡಚ್ಚರು 1830ರಿಂದ ಜಾವಾದ ರೈತರಿಂದ ಬಲವಂತವಾಗಿ ಕಬ್ಬು, ಕಾಫಿ, ನೀಲಿ ಬೆಳೆಸಿದರು. 1870ರ ಕಾನೂನು ತಂದು ಯುರೋಪಿನ ಪ್ಲಾಂಟೇಷನ್ ಕಂಪನಿಗಳಿಗೆ 75 ವರ್ಷದ ಗುತ್ತಿಗೆಗೆ ಭೂಮಿ ಕೊಟ್ಟರು. ಸ್ವಾತಂತ್ರ್ಯ ಬಂದ ಮೇಲೆ ಮಾಡಿದ 1960ರ ಕಾಯ್ದೆಯ ಹಿಂದೆ ಆ ನೆನಪು ಇದೆ. ನಮ್ಮಲ್ಲಿ 1974ರ ಭೂಸುಧಾರಣೆ ಹಳ್ಳಿಗಳಲ್ಲಿ ಎಂಥ ಭಾವನೆ ಎಬ್ಬಿಸಿತ್ತು ಅಂತ ಸಾಗರದವರಾದ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಗೇಣಿದಾರರ ಸತ್ಯಾಗ್ರಹ ನಡೆದ ಕಾಗೋಡು ನಿಮ್ಮ ತಾಲ್ಲೂಕಿನಲ್ಲೇ ಇದೆ.

ಇನ್ನು ನೀವು ನೋಡಿರುವ ಜಾಗ. ನನಗೆ ಒಡೆತನಕ್ಕಿಂತ ಇದೇ ದೊಡ್ಡ ತಲೆನೋವು ಅನ್ನಿಸುತ್ತದೆ. ನೀವು ಬರೆದಿರುವುದು ಗದ್ದೆ ಅಂತ. ಗದ್ದೆಯಲ್ಲಿ ಮನೆ ಕಟ್ಟುವುದಕ್ಕೆ ಅಲ್ಲಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. 2009ರ ಒಂದು ಕಾಯ್ದೆ ಆಹಾರ ಬೆಳೆಯುವ ಜಮೀನನ್ನು ಶಾಶ್ವತ ಕೃಷಿಭೂಮಿ ಅಂತ ಗುರುತಿಸಿ ಕಾಪಾಡುತ್ತದೆ. ಅದರ ಮೇಲೆ ಬೊರೊಬುದುರ್ ಸುತ್ತಲಿನ ಪ್ರದೇಶಕ್ಕೆ 2014ರ ಅಧ್ಯಕ್ಷೀಯ ಆದೇಶದ ಪ್ರಕಾರ ಪ್ರತ್ಯೇಕ ನಕ್ಷೆ ಇದೆ. ಯಾವ ಭಾಗದಲ್ಲಿ ಏನು ಕಟ್ಟಬಹುದು ಅಂತ ಅದರಲ್ಲಿ ಗುರುತು ಮಾಡಿದ್ದಾರೆ. ಇದೂ ಸಾಲದು ಅನ್ನುವ ಹಾಗೆ 1961ರ ಒಂದು ನಿಯಮ ಇದೆ. ಕೃಷಿಭೂಮಿಯ ಒಡೆಯ ಆ ಭೂಮಿ ಇರುವ ಹೋಬಳಿಯಲ್ಲೇ, ಇಲ್ಲವೇ ಅದಕ್ಕೆ ತಾಗಿದ ಹೋಬಳಿಯಲ್ಲಿ ವಾಸ ಇರಬೇಕು. ಹೋಬಳಿ ಅಂದೆ, ಅಲ್ಲಿ 'ಕೆಚಮಾತನ್' ಅನ್ನುತ್ತಾರೆ. ಅಂದರೆ ನಿಮ್ಮ ಡ್ರೈವರ್ ಯೋಗ್ಯಕರ್ತಾ ನಗರದಲ್ಲಿ ವಾಸ ಇದ್ದರೆ ಅವನ ಸ್ವಂತಕ್ಕೂ ಆ ಗದ್ದೆ ಕೊಳ್ಳುವ ಹಾಗಿಲ್ಲ. ಜಕಾರ್ತಾದ ಶ್ರೀಮಂತನಿಗೂ ಇಲ್ಲ. ಗದ್ದೆ ಅಗ್ಗಕ್ಕೆ ಸಿಗುತ್ತಿದೆ ಅಂದರೆ ಕಾರಣ ಇದೇ ಇರಬಹುದು. ಬಾಲಿಯ ಉಬುದ್‌ನಲ್ಲಿ ವಿದೇಶಿಯರಿಂದಲೇ ತುಂಬಿದ್ದ ಒಂದು ದೊಡ್ಡ ವಸತಿ ಸಂಕೀರ್ಣವನ್ನು 2025ರ ಜನವರಿಯಲ್ಲಿ ಅಧಿಕಾರಿಗಳು ಮುಚ್ಚಿಸಿದರು. ಗದ್ದೆ ಮೇಲೆ ಕಟ್ಟಿದ್ದು ಅನ್ನುವುದು ಅಲ್ಲಿನ ಮುಖ್ಯ ಆರೋಪ.

ದಾಖಲೆ ವಿಷಯದಲ್ಲೂ ಒಂದು ಎಚ್ಚರಿಕೆ. ಹಳ್ಳಿಗಳಲ್ಲಿ 'ಗಿರಿಕ್' ಅಥವಾ 'ಲೆಟರ್ ಸಿ' ಅಂತ ಹಳೆಯ ಕಾಗದ ತೋರಿಸುತ್ತಾರೆ. ಅದು ಕಂದಾಯ ಕಟ್ಟಿದ ದಾಖಲೆ. ನಮ್ಮ ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಪೂರ್ತಿ ಸಾಬೀತಾಗುವುದಿಲ್ಲವಲ್ಲ, ಇದು ಅದಕ್ಕಿಂತಲೂ ಕಡಿಮೆ. ಭೂಮಿ ಕಚೇರಿ ಕೊಟ್ಟ ಸರ್ಟಿಫಿಕೇಟ್ ಇದ್ದರೆ ಮಾತ್ರ ಮಾತು ಮುಂದುವರಿಸಿ. 2017ರಿಂದ ಸರ್ಕಾರ ಊರೂರಿಗೆ ಬಂದು ಸಾಮೂಹಿಕವಾಗಿ ಅಳತೆ ಮಾಡಿ ಸರ್ಟಿಫಿಕೇಟ್ ಕೊಡುತ್ತಿದೆ. ಅಷ್ಟಾದರೂ ಒಂದು ಜಾಗಕ್ಕೆ ಸರ್ಟಿಫಿಕೇಟ್ ಇನ್ನೂ ಆಗಿಲ್ಲ ಅಂದರೆ ಅಣ್ಣತಮ್ಮಂದಿರ ನಡುವೆ ಪಾಲು ಆಗಿರಲಿಕ್ಕಿಲ್ಲ ಅಂತ ಮೊದಲು ಅನುಮಾನಪಡಿ. ಭೂಮಿ ಇಲಾಖೆಯ 'ಸೆಂತುಹ್ ತಾನಾಹ್‌ಕು' ಆ್ಯಪ್‌ನಲ್ಲಿ ಜಾಗದ ಗುರುತು ನೀವೇ ನೋಡಬಹುದು. ಆದರೆ ಅಡಮಾನ, ತಕರಾರು ಇದೆಯಾ ಅಂತ ಖಚಿತವಾಗಿ ಗೊತ್ತಾಗಬೇಕಾದರೆ ಪಿಪಿಎಟಿ ಅನ್ನುವ ಭೂಪತ್ರ ಅಧಿಕಾರಿ ಮೂಲಕ ಭೂಮಿ ಕಚೇರಿಯಲ್ಲಿ ಪರಿಶೀಲಿಸಲೇಬೇಕು. ಮಾರುವವನು ತೋರಿಸಿದ ಪಿಪಿಎಟಿ ಬೇಡ, ನೀವೇ ಹುಡುಕಿಕೊಂಡವರು ಇರಲಿ.

ಇನ್ನೊಂದು ಬಗೆಯ ಜಾಗ ಇದೆ, ಅದನ್ನು ಮುಟ್ಟಲೇಬೇಡಿ. ಜಾವಾದ ಹಳ್ಳಿಗಳಿಗೆ ಊರಿನ ಖಜಾನೆ ಜಮೀನು ಅಂತ ಇರುತ್ತದೆ. ಅದರಲ್ಲೇ ಒಂದು ಭಾಗ ಊರಿನ ಅಧಿಕಾರಿಗಳಿಗೆ ಸಂಬಳದ ಬದಲು ಬಿಟ್ಟ 'ಬೆಂಗ್‌ಕೊಕ್'. ನಮ್ಮ ಹಿಂದಿನ ಉಂಬಳಿ ಥರ. ಊರಿನ ಮುಖ್ಯಸ್ಥರೇ ಖುದ್ದು ಬಂದು "ಗುತ್ತಿಗೆಗೆ ಕೊಡುತ್ತೇನೆ, 20 ವರ್ಷ ನೆಮ್ಮದಿಯಾಗಿರಿ" ಅಂದರೆ ನಂಬಿಕೆ ಬಂದುಬಿಡುತ್ತದೆ. ಅದನ್ನು ಬಿಡಿಸಿ ಕೊಡುವ ಅಧಿಕಾರ ಅವರೊಬ್ಬರದ್ದಲ್ಲ. ಪಕ್ಕದ ಯೋಗ್ಯಕರ್ತಾ ಪ್ರಾಂತ್ಯದ ಸ್ಲೆಮಾನ್‌ನಲ್ಲಿ 2023ರಲ್ಲಿ ಇಂಥ ಜಮೀನಿನ ಮೇಲೆ ಎದ್ದ ಮನೆಗಳ ವಿಷಯದಲ್ಲಿ ಊರಿನ ಮುಖ್ಯಸ್ಥರೇ ಜೈಲಿಗೆ ಹೋದರು. ದುಡ್ಡು ಕೊಟ್ಟು ಮನೆ ಹಿಡಿದಿದ್ದವರು ಬೀದಿಯಲ್ಲಿ ನಿಂತರು.

ಸರಿ, ಹಾಗಾದರೆ ನಿಮ್ಮ ಹೆಸರಲ್ಲೇ ಆಗುವ ದಾರಿಗಳು ಏನಿವೆ?

'ಹಕ್ ಪಕಾಯ್' ಅಂದರೆ ಬಳಸುವ ಹಕ್ಕು. 2021ರ ಸರ್ಕಾರಿ ನಿಯಮದಂತೆ ಇದು ಮೊದಲು 30 ವರ್ಷ, ವಿಸ್ತರಣೆ 20, ನವೀಕರಣ ಮತ್ತೆ 30. ನಿಮ್ಮ ಹೆಸರಿಗೇ ಸರ್ಟಿಫಿಕೇಟ್ ಬರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ವಿದೇಶಿಯರು ಕೊಳ್ಳುವ ಮನೆಗೆ ಪ್ರಾಂತ್ಯವಾರು ಕನಿಷ್ಠ ಬೆಲೆ ಕಟ್ಟಿದ್ದಾರೆ. ಸಿರಿವಂತರ ಬಂಗಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ನಿಯಮ ಅದು, ನಿಮ್ಮ 60 ಲಕ್ಷ ಅದರ ಹತ್ತಿರಕ್ಕೂ ಬರುವುದಿಲ್ಲ. ವಿದೇಶಿ ಹೂಡಿಕೆ ಕಂಪನಿ ತೆರೆದು ಕಟ್ಟಡದ ಹಕ್ಕು ಪಡೆಯುವ ದಾರಿಯೂ ಇದೆ. ಅದಕ್ಕೆ ಭೂಮಿ ಕಟ್ಟಡ ಬಿಟ್ಟು 1,000 ಕೋಟಿ ರುಪಿಯಾಕ್ಕೂ ಜಾಸ್ತಿ ಹೂಡಿಕೆ ಯೋಜನೆ ತೋರಿಸಬೇಕು. ನಮ್ಮ ಲೆಕ್ಕದಲ್ಲಿ ಸುಮಾರು 5 ಕೋಟಿ ರೂಪಾಯಿ. ಮೂರು ಕೋಣೆಗೆ ಇದು ಯಾಕೆ? ಏಜೆಂಟರು ಯೋಜನೆಯಲ್ಲಿ ಅಂಕಿ ಬರೆದು ಬಿಡೋಣ, ಯಾರು ನೋಡುತ್ತಾರೆ ಅನ್ನುತ್ತಾರೆ. ಪ್ರತಿ ಮೂರು ತಿಂಗಳಿಗೆ ಹೂಡಿಕೆ ವರದಿ ಕೊಡಬೇಕಾದಾಗ ಏಜೆಂಟರು ಫೋನ್ ಎತ್ತುವುದಿಲ್ಲ.

ನಿಮ್ಮಂಥವರಿಗೆ ಉಳಿಯುವುದು ಬಾಡಿಗೆ ಮತ್ತು ದೀರ್ಘ ಗುತ್ತಿಗೆ. ಇದನ್ನು ಎರಡನೇ ದರ್ಜೆಯ ದಾರಿ ಅಂತ ನೋಡಬೇಡಿ. ನಿಮ್ಮ ಹೆಸರಲ್ಲಿ, ನಿಮ್ಮ ಸಹಿಯಲ್ಲಿ, ಕೋರ್ಟಿಗೆ ಧೈರ್ಯವಾಗಿ ಹೋಗಬಹುದಾದ ಹಕ್ಕು ಅಂದರೆ ಇದೊಂದೇ. ಇಂಡೊನೇಷ್ಯಾದ ಸಿವಿಲ್ ಸಂಹಿತೆಯ 1576ನೇ ಕಲಂ ಪ್ರಕಾರ ಬಾಡಿಗೆ ಅವಧಿಯಲ್ಲಿ ಮಾಲೀಕ ಆಸ್ತಿ ಮಾರಿದರೂ ನಿಮ್ಮ ಬಾಡಿಗೆ ಮುರಿಯುವುದಿಲ್ಲ, ಒಪ್ಪಂದದಲ್ಲೇ ಬೇರೆ ರೀತಿ ಬರೆದಿದ್ದರೆ ಮಾತ್ರ ಕಥೆ ಬೇರೆ. ಆ 'ಬೇರೆ ರೀತಿ'ಯ ಸಾಲು ಎಲ್ಲಾದರೂ ಇದೆಯಾ ಅಂತ ಕಣ್ಣಲ್ಲಿ ಕಣ್ಣಿಟ್ಟು ಓದಿಸಿ.

ಗದ್ದೆ ಬಿಡಿ, ಮನೆ ಇರುವ ಹಿತ್ತಲ ಜಾಗ ಹುಡುಕಿ. ಮೊದಲ ವರ್ಷ ಸುಮ್ನೆ ಬಾಡಿಗೆ ಮನೆ ಹಿಡಿಯಿರಿ. ಅಲ್ಲಿ ವರ್ಷದ ಬಾಡಿಗೆಯನ್ನು ಮುಂಗಡವಾಗಿ ಕೊಡುವ ರೂಢಿ ಇದೆ. ಮಳೆಗಾಲ ಒಂದು, ಬೇಸಿಗೆ ಒಂದು ಕಳೆಯಲಿ. ಬಾವಿ ಬತ್ತುತ್ತದಾ, ರಸ್ತೆಗೆ ಗುಡ್ಡ ಜಾರುತ್ತದಾ, ನಿಮಗೆ ಆ ಊರು ಆಗಿಬರುತ್ತದಾ ಅಂತ ಗೊತ್ತಾಗುತ್ತದೆ. ರಜೆಯಲ್ಲಿ ಹೋಗಿ ನೋಡಿದ ಊರು ಮತ್ತು ಫೆಬ್ರುವರಿ ಮಳೆಯಲ್ಲಿ ಎರಡು ದಿನ ಕರೆಂಟಿಲ್ಲದ ಊರು ಬೇರೆ ಬೇರೆ.

ಆಮೇಲೆ ದೀರ್ಘ ಗುತ್ತಿಗೆಗೆ ಹೋಗುವುದಾದರೆ ಕೆಲವು ವಿಷಯಗಳಲ್ಲಿ ರಾಜಿ ಬೇಡ. ಮಾಲೀಕನ ಜೊತೆ ಅವನ ಹೆಂಡತಿಯ ಸಹಿ, ಪಿತ್ರಾರ್ಜಿತವಾದರೆ ಎಲ್ಲ ವಾರಸುದಾರರ ಸಹಿ ಬೇಕು. 2009ರ ಭಾಷಾ ಕಾಯ್ದೆಯಂತೆ ಸ್ಥಳೀಯರ ಜೊತೆಗಿನ ಒಪ್ಪಂದ ಇಂಡೊನೇಷ್ಯನ್ ಭಾಷೆಯಲ್ಲಿ ಇರಬೇಕು. ಇಂಗ್ಲಿಷ್‌ನಲ್ಲಿ ಮಾತ್ರ ಇದ್ದ ಒಪ್ಪಂದಗಳನ್ನು ಅಲ್ಲಿನ ಕೋರ್ಟುಗಳು ರದ್ದು ಮಾಡಿದ್ದಿದೆ. ವಿಸ್ತರಣೆಯ ಬೆಲೆಯನ್ನು ಹೇಗೆ ಲೆಕ್ಕ ಹಾಕುವುದು ಅಂತ ಈಗಲೇ ಬರೆಸಿ. "ಆಗಿನ ಮಾರುಕಟ್ಟೆ ದರ" ಅಂತ ಬಿಟ್ಟರೆ, ನೀವು ಮನೆ ಕಟ್ಟಿ ಬೆಲೆ ಏರಿಸಿಕೊಟ್ಟ ಜಾಗಕ್ಕೆ ನೀವೇ ಜಾಸ್ತಿ ಕೊಡಬೇಕಾಗುತ್ತದೆ. ಬಾಡಿಗೆ ಮೇಲೆ ಮಾಲೀಕ ಕಟ್ಟಬೇಕಾದ 10% ತೆರಿಗೆಯನ್ನು ಯಾರು ಭರಿಸುವುದು, ಅವಧಿ ಮುಗಿದ ಮೇಲೆ ಕಟ್ಟಡ ಯಾರಿಗೆ, ನೀವು ಇನ್ನೊಬ್ಬರಿಗೆ ಬಿಟ್ಟುಕೊಡಬಹುದಾ, ಇಬ್ಬರಲ್ಲಿ ಯಾರಾದರೂ ತೀರಿಕೊಂಡರೆ ಏನು ಅನ್ನುವುದೂ ಅದರಲ್ಲಿ ಇರಲಿ. ಒಂದು ತೊಡಕನ್ನೂ ಹೇಳಿಬಿಡುತ್ತೇನೆ. ಕಟ್ಟಡಕ್ಕಾಗಿ ಜಾಗ ಗುತ್ತಿಗೆ ಹಿಡಿಯುವ ಹಕ್ಕನ್ನು ಕಾಯ್ದೆ ಕೊಡುವುದು 'ಇಂಡೊನೇಷ್ಯಾದಲ್ಲಿ ನೆಲೆಸಿರುವ' ವಿದೇಶಿಯರಿಗೆ. ಹಾಗಾಗಿ ವಾಸದ ಪರವಾನಗಿ ಇದ್ದರೆ ನಿಮ್ಮ ಕೈ ಗಟ್ಟಿ.

60 ಲಕ್ಷ ಪೂರ್ತಿ ಹಾಕಬೇಡಿ. ಗುತ್ತಿಗೆ ಜಾಗದಲ್ಲಿ ಹಾಕಿದ ದುಡ್ಡು ವರ್ಷ ಕಳೆದಂತೆ ಕರಗುತ್ತದೆ, ಕೊನೆಗೆ ಮರಳಿ ಬರುವ ಅಸಲು ಇರುವುದಿಲ್ಲ. ಇದನ್ನು ಹೂಡಿಕೆ ಅಂತ ಕರೆಯುವುದೇ ನನಗೆ ಸರಿ ಕಾಣುವುದಿಲ್ಲ. ಇಷ್ಟು ವರ್ಷಕ್ಕೆ ಮುಂಗಡ ಬಾಡಿಗೆ ಅಂತ ಲೆಕ್ಕ ಹಾಕಿ, ಅದು ಕೈಗೆಟುಕಿದರೆ ಮಾಡಿ.

ಹೋಂಸ್ಟೇ ಆದಾಯಕ್ಕೆ ಬರೋಣ. ಇಲ್ಲಿ ನಿಮಗೆ ಸ್ವಲ್ಪ ನಿರಾಸೆ ಆಗಬಹುದು. ಸಣ್ಣ ಹೋಂಸ್ಟೇ ವ್ಯವಹಾರ ಸ್ಥಳೀಯರಿಗೆ ಬಿಟ್ಟದ್ದು, ವಿದೇಶಿ ವ್ಯಕ್ತಿಯ ಹೆಸರಿಗೆ ಪರವಾನಗಿ ಸಿಗುವುದಿಲ್ಲ. ಪ್ರವಾಸಿ ವೀಸಾದಲ್ಲಿ ಇದ್ದುಕೊಂಡು ಅತಿಥಿಗಳಿಗೆ ಬೀಗದ ಕೈ ಕೊಟ್ಟರೂ ಅದು ಕೆಲಸ ಮಾಡಿದಂತೆ. 2011ರ ವಲಸೆ ಕಾಯ್ದೆಯಲ್ಲಿ ಅದಕ್ಕೆ ಜೈಲು ಶಿಕ್ಷೆ ಇದೆ, ಸಾಮಾನ್ಯವಾಗಿ ಗಡೀಪಾರಿನಲ್ಲಿ ಮುಗಿಯುತ್ತದೆ. ಕಾನೂನು ಪಕ್ಕಕ್ಕಿಟ್ಟರೂ ವ್ಯಾಪಾರದ ಲೆಕ್ಕ ಕೂಡುವುದಿಲ್ಲ. ಬೊರೊಬುದುರ್ ಹೋಬಳಿಯಲ್ಲಿ 20 ಹಳ್ಳಿಗಳಿವೆ. ಸರ್ಕಾರಿ ಒಡೆತನದ ಕಂಪನಿಗಳು ಆ ಹಳ್ಳಿಗಳಿಗೆ 'ಬಲ್ಕೊಂಡೆಸ್' ಅನ್ನುವ ಊರಿನ ಸಭಾಂಗಣ, ಊಟದ ಮನೆ, ಅತಿಥಿ ಕೋಣೆಗಳನ್ನು ಕಟ್ಟಿಸಿಕೊಟ್ಟಿವೆ. ಅಂದರೆ ಬಂಡವಾಳದ ಸಾಲ ಇಲ್ಲದ, ಊರಿನದೇ ಆದ ಕೋಣೆಗಳ ಎದುರು ನೀವು ಪೈಪೋಟಿಗೆ ಇಳಿಯುತ್ತೀರಿ. ಜೊತೆಗೆ ಬಹಳಷ್ಟು ಪ್ರವಾಸಿಗರು ಯೋಗ್ಯಕರ್ತಾದಲ್ಲಿ ಉಳಿದು, ಬೆಳಿಗ್ಗೆ ಬಂದು ದೇವಾಲಯ ನೋಡಿ, ಸಂಜೆಗೆ ಹಿಂದಿರುಗುತ್ತಾರೆ.

ಊರಿಗೆ ನಿಮ್ಮಿಂದ ಏನಾದರೂ ಆಗಬೇಕು ಅನ್ನುವ ಮನಸ್ಸಿದ್ದರೆ ಬೇರೆ ದಾರಿ ಇದೆ. ನೀವು ಬಾಡಿಗೆ ಹಿಡಿದ ಮನೆಯ ಮಾಲೀಕರೇ ಪಕ್ಕದ ಕೋಣೆಗಳಲ್ಲಿ ಹೋಂಸ್ಟೇ ನಡೆಸಲಿ. ಶೌಚಾಲಯ, ಸೊಳ್ಳೆ ಜಾಲರಿ, ನೀರಿನ ಟ್ಯಾಂಕ್‌ಗೆ ನೀವು ದುಡ್ಡು ಕೊಡಿ, ಅದನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಿ. ಪರವಾನಗಿ ಅವರದು, ಗಳಿಕೆಯೂ ಅವರದು. ನಿಮಗೆ ಬಾಡಿಗೆ ಇಳಿಯಿತು. ಜಾವಾದಲ್ಲಿ ದನವನ್ನು ಪಾಲಿಗೆ ಸಾಕಲು ಕೊಡುವ 'ಗಡುಹಾನ್' ಪದ್ಧತಿಯೂ ಇದೆ. ದನ ಒಬ್ಬರದು, ಸಾಕುವವರು ಇನ್ನೊಬ್ಬರು, ಕರು ಅಥವಾ ಲಾಭದಲ್ಲಿ ಪಾಲು. ನಮ್ಮಲ್ಲಿ ಕುರಿ, ದನ ಪಾಲಿಗೆ ಕೊಡುವುದು ನೋಡಿದವರಿಗೆ ಹೊಸದೇನಲ್ಲ. ಆದರೆ ಅದು ಬಾಯಿಮಾತಿನ ವ್ಯವಹಾರ. ದನ ಸತ್ತರೆ ಹೋಯಿತು ಅಂದುಕೊಳ್ಳುವಷ್ಟು ದುಡ್ಡು ಮಾತ್ರ ಹಾಕಬೇಕು.

ಡ್ರೈವರ್‌ಗೆ ಬೇಡ ಅನ್ನುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೆ ಅದು ನಿಮ್ಮನ್ನು ಕಾಡುತ್ತಿರಬಹುದು. ಜಾವಾದಲ್ಲಿ ಮುಖಕ್ಕೆ ಹೊಡೆದ ಹಾಗೆ 'ಆಗಲ್ಲ' ಅನ್ನುವುದಿಲ್ಲ. "ನಿನ್ನ ಮೇಲೆ ನಂಬಿಕೆ ಇಲ್ಲ" ಅನ್ನುವ ವಾಸನೆಯೂ ಬರಬಾರದು. ತೆರಿಗೆ ಮತ್ತು ವೀಸಾ ಕಾರಣಕ್ಕೆ ನಮ್ಮ ಕಡೆಯ ಸಲಹೆಗಾರರು ಬೇಡ ಅಂದರು ಅಂತ ತಪ್ಪನ್ನು ನನ್ನ ತಲೆಗೆ ಕಟ್ಟಿ. ಒಡನೆಯೇ ಒಂದು ಬಾಡಿಗೆ ಮನೆ ಹುಡುಕಿಕೊಡು ಅಂತ ಕೆಲಸ ಕೊಡಿ. ಅದರ ಕಮಿಷನ್ ಅವನಿಗೆ ನ್ಯಾಯವಾಗಿಯೇ ಸಿಗುತ್ತದೆ.

ವೀಸಾ. ಭಾರತದ ಪಾಸ್‌ಪೋರ್ಟ್‌ಗೆ ಆಗಮನ ವೀಸಾ ಸಿಗುತ್ತದೆ, 5 ಲಕ್ಷ ರುಪಿಯಾ, 30 ದಿನ, ಒಂದು ಸಲ ಇನ್ನೊಂದು 30 ದಿನ ವಿಸ್ತರಣೆ. ಅಪ್ಪ ಅಮ್ಮನಿಗೆ ಇದೇ ಸಾಕು. ಅವಧಿ ಮೀರಿದರೆ ದಿನಕ್ಕೆ 10 ಲಕ್ಷ ರುಪಿಯಾ ದಂಡ, 60 ದಿನ ದಾಟಿದರೆ ಗಡೀಪಾರು. ನೀವು ಅಲ್ಲಿಂದ ಸಿಂಗಾಪುರದ ಕೆಲಸ ಮಾಡುವುದಾದರೆ ದೂರದಿಂದ ಕೆಲಸ ಮಾಡುವವರಿಗೆಂದೇ ಒಂದು ವರ್ಷದ ವಾಸ ಪರವಾನಗಿ ಇದೆ. ವರ್ಷಕ್ಕೆ 60,000 ಅಮೆರಿಕನ್ ಡಾಲರ್ ಆದಾಯ ತೋರಿಸಬೇಕು, ಸಂಬಳ ಇಂಡೊನೇಷ್ಯಾದ ಹೊರಗಿನಿಂದ ಬರಬೇಕು. ನಿಮ್ಮ ಕಂಪನಿಯ ಒಪ್ಪಿಗೆ ಬರಹದಲ್ಲಿ ಪಡೆಯಿರಿ. 12 ತಿಂಗಳಲ್ಲಿ 183 ದಿನ ಮೀರಿ ಅಲ್ಲಿದ್ದರೆ ಅಲ್ಲಿನ ತೆರಿಗೆ ನಿವಾಸಿ ಆಗುತ್ತೀರಿ, ಅದನ್ನೂ ಎಣಿಸಿಕೊಳ್ಳಿ.

ಊರಿನವರು ಸೇರಿಸಿಕೊಳ್ಳುತ್ತಾರಾ? ನನ್ನ ಅನುಭವದಲ್ಲಿ ಜಾವಾದ ಹಳ್ಳಿ ಹೊರಗಿನವರನ್ನು ಸುಲಭವಾಗಿ ಸ್ವಾಗತಿಸುತ್ತದೆ. ಆದರೆ ಸ್ವಾಗತ ಬೇರೆ, ನೆರೆಹೊರೆ ಬೇರೆ. ಅಲ್ಲಿ ಕೆಲವು ಡಜನ್ ಮನೆಗಳಿಗೆ ಒಂದು 'ಆರ್‌ಟಿ' ಇರುತ್ತದೆ, ಕೇರಿ ಅಂತಿಟ್ಟುಕೊಳ್ಳಿ. ಅದಕ್ಕೊಬ್ಬರು ಹಿರಿಯರು. ರಾತ್ರಿ ಉಳಿಯಲು ಬಂದ ಅತಿಥಿ 24 ಗಂಟೆಯೊಳಗೆ ಅವರಿಗೆ ತಿಳಿಸಬೇಕು ಅಂತ ಬಹಳ ಊರುಗಳ ಬಾಗಿಲಲ್ಲೇ ಫಲಕ ಹಾಕಿರುತ್ತಾರೆ. ಪಾಸ್‌ಪೋರ್ಟ್ ಪ್ರತಿ ಹಿಡಿದು, ಒಂದು ಪೊಟ್ಟಣ ಸಿಹಿ ತೆಗೆದುಕೊಂಡು ನೀವೇ ಹೋಗಿ. ಮೊದಲ ದಿನದ ಈ ಹತ್ತು ನಿಮಿಷ ಮುಂದೆ ಎಷ್ಟೋ ಅನುಮಾನಗಳನ್ನು ಹುಟ್ಟದ ಹಾಗೆ ಮಾಡುತ್ತದೆ.

ರಾತ್ರಿ ಕಾವಲಿಗೆ ಗಂಡಸರು ಪಾಳಿಯಲ್ಲಿ ಸುತ್ತುತ್ತಾರೆ, ಅದು 'ರೊಂಡಾ'. ಹಲವು ಊರುಗಳಲ್ಲಿ ಪ್ರತಿ ಮನೆಯ ಮುಂದೆ ಒಂದು ಪುಟ್ಟ ಡಬ್ಬಿ ತೂಗುಹಾಕಿರುತ್ತದೆ. ಹಿಂದೆ ಅದರಲ್ಲಿ ಚಿಟಿಕೆ ಅಕ್ಕಿ, ಈಗ ನಾಣ್ಯ. ಕಾವಲಿನವರು ಸುತ್ತುತ್ತಾ ಎತ್ತಿಕೊಂಡು ಹೋಗುತ್ತಾರೆ, ಆ ದುಡ್ಡು ಕೇರಿಯ ಖರ್ಚಿಗೆ. ಇದಕ್ಕೆ 'ಜಿಂಪಿತಾನ್' ಅನ್ನುತ್ತಾರೆ. ನಿಮ್ಮ ಡಬ್ಬಿ ಖಾಲಿ ಇದ್ದರೆ ಯಾರೂ ಏನೂ ಅನ್ನುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತದೆ. ಚರಂಡಿ ತೆಗೆಯುವ ಸಾಮೂಹಿಕ ಕೆಲಸಕ್ಕೆ ಹಾರೆ ಹಿಡಿದು ಹೋಗಿ. ಕೆಲಸ ಬರದಿದ್ದರೂ ಪರವಾಗಿಲ್ಲ, ಚಹಾ ಕುಡಿಯುವ ತನಕ ಇರಿ. ಸಾವು, ಹೆರಿಗೆ, ಮದುವೆಗೆ ಕರೆಯುವ 'ಕೆಂದುರಿ' ಊಟಕ್ಕೆ ಹೋಗದೆ ಇರಬೇಡಿ. ನೀವು ಊರಲ್ಲಿಲ್ಲದ ತಿಂಗಳುಗಳಲ್ಲೂ ಕೇರಿಯ ವಂತಿಗೆ ಕೊಡುತ್ತಿರಿ. ಒಪ್ಪಂದದಲ್ಲಿ ಬರೆಯಲಾಗದ ರಕ್ಷಣೆ ಇದರಿಂದ ಸಿಗುತ್ತದೆ. ಮಾಲೀಕನ ಮಗ ತಕರಾರು ತೆಗೆದ ದಿನ ಕೇರಿಯ ಹಿರಿಯರು ಯಾರ ಪಕ್ಕ ಕೂರುತ್ತಾರೆ ಅನ್ನುವುದು ಬಹಳ ಮುಖ್ಯ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಸಂತೆ ನಿಮಗೆ ಇಷ್ಟವಾಗುತ್ತದೆ. ಜಾವಾದವರಿಗೆ ಏಳು ದಿನದ ವಾರದ ಜೊತೆ ಐದು ದಿನದ ಇನ್ನೊಂದು ವಾರವೂ ಇದೆ: ಲೆಗಿ, ಪಾಹಿಂಗ್, ಪೊನ್, ವಾಗೆ, ಕ್ಲಿವೊನ್. ಎಷ್ಟೋ ಹಳ್ಳಿ ಸಂತೆಗಳು ಈಗಲೂ ಆ ಲೆಕ್ಕದಲ್ಲೇ ಜೋರಾಗುತ್ತವೆ.

ಅಮ್ಮ ಸಸ್ಯಾಹಾರಿ ಆಗಿದ್ದರೆ ಅಡುಗೆಮನೆ ಇರುವ ಮನೆಯನ್ನೇ ಹಿಡಿಯಿರಿ. ಟೆಂಪೆ ಅನ್ನುವ ಹುದುಗಿಸಿದ ಸೋಯಾ ಗಟ್ಟಿ, ತೋಫು, ಸೊಪ್ಪು, ತೆಂಗಿನಕಾಯಿ, ಬೆಲ್ಲ ಧಾರಾಳ. ಕಷ್ಟ ಇರುವುದು ಹೋಟೆಲ್ ಊಟದಲ್ಲಿ. ಸಾಂಬಲ್ ಚಟ್ನಿಯಲ್ಲಿ 'ತೆರಾಸಿ' ಅನ್ನುವ ಸೀಗಡಿ ಮುದ್ದೆ ಕಣ್ಣಿಗೆ ಕಾಣದ ಹಾಗೆ ಸೇರಿರುತ್ತದೆ. ಎಳೆ ಹಲಸಿನಕಾಯಿಯ 'ಗುಡೆಗ್' ನೋಡಿ ಖುಷಿಪಟ್ಟು ಬಡಿಸಿಕೊಳ್ಳಬೇಡಿ, ಜೊತೆಗೆ ಹಾಕುವ 'ಕ್ರೆಚೆಕ್' ದನದ ಚರ್ಮದ್ದು. ಮಾಂಸ ಬೇಡ ಅಂದರೆ ಮಾತ್ರ ಸಾಲದು. ಮೀನು, ಸೀಗಡಿ, ತೆರಾಸಿ ಎಲ್ಲವನ್ನೂ ಹೆಸರು ಹಿಡಿದು ಹೇಳಬೇಕು.

ಮನೆ ಆರಿಸುವಾಗ ಗೋಡೆ ನೋಡಿ. 2006ರ ಮೇ 27ರಂದು ಯೋಗ್ಯಕರ್ತಾ ಭಾಗದ ಭೂಕಂಪದಲ್ಲಿ 5,700ಕ್ಕೂ ಹೆಚ್ಚು ಜನ ಸತ್ತರು. ಕಬ್ಬಿಣದ ಕಂಬಗಳಿಲ್ಲದ ಇಟ್ಟಿಗೆ ಮನೆಗಳು ಕುಸಿದದ್ದೇ ಅದರಲ್ಲಿ ಬಹುಪಾಲು ಸಾವಿಗೆ ಕಾರಣ. ಮರದ ಚೌಕಟ್ಟಿನ ಹಳೆಯ ಮನೆ, ಇಲ್ಲವೇ ಕಾಂಕ್ರೀಟ್ ಕಂಬ ತೊಲೆ ಇರುವ ಮನೆ ಹಿಡಿಯಿರಿ. ಮೆರಾಪಿ ಜ್ವಾಲಾಮುಖಿಯೂ ದೂರ ಇಲ್ಲ. 2010ರಲ್ಲಿ ಅದು ಸಿಡಿದಾಗ ಬೊರೊಬುದುರ್ ದೇವಾಲಯ ಬೂದಿಯಿಂದ ಮುಚ್ಚಿಹೋಗಿತ್ತು. ಮೆನೊರೆಹ್ ಕಡೆ ಮಳೆಗಾಲದ ಭೂಕುಸಿತವೇ ಹೆಚ್ಚಿನ ಭಯ. ಮನೆಯ ಹಿಂದೆ ಕಡಿದಾದ ಗುಡ್ಡ ಇದ್ದರೆ ಎಷ್ಟು ಚೆಂದ ಇದ್ದರೂ ಬಿಟ್ಟುಬಿಡಿ. ಹೋಬಳಿಯ ಸರ್ಕಾರಿ ಆರೋಗ್ಯ ಕೇಂದ್ರ ಜ್ವರ, ಗಾಯಕ್ಕೆ ಸಾಕು. ಹೃದಯ, ಪಾರ್ಶ್ವವಾಯು ಅಂದರೆ ಯೋಗ್ಯಕರ್ತಾಕ್ಕೇ ಹೋಗಬೇಕು. ಆ ದಾರಿಯನ್ನು ರಾತ್ರಿ ಹೊತ್ತು ಒಮ್ಮೆ ಕಾರಲ್ಲಿ ಹೋಗಿ ಎಷ್ಟು ಹೊತ್ತಾಗುತ್ತದೆ ನೋಡಿಕೊಂಡ ಮೇಲೆ ಅಪ್ಪ ಅಮ್ಮನನ್ನು ಕರೆಸಿ. ಬೆಂಗಳೂರಿಂದ ಬಾಲಿಗೆ ನೇರ ವಿಮಾನ ಇದ್ದರೂ ಯೋಗ್ಯಕರ್ತಾಕ್ಕೆ ಸಿಂಗಾಪುರ, ಕೌಲಾಲಂಪುರ ಅಥವಾ ಜಕಾರ್ತಾದಲ್ಲಿ ಬದಲಿಸಬೇಕು. ಅವರನ್ನು ಸಿಂಗಾಪುರಕ್ಕೆ ಕರೆಸಿ ನೀವೇ ಜೊತೆಗೆ ಹೋಗುವುದು ಲೇಸು. ರಂಜಾನ್ ಹಬ್ಬದ ಹಿಂದು ಮುಂದಿನ ವಾರಗಳಲ್ಲಿ ಮಾತ್ರ ಬೇಡ, ಇಡೀ ಜಾವಾ ಊರಿಗೆ ಹೊರಟಿರುತ್ತದೆ. ನೀವು ಸ್ಕೂಟರ್ ಓಡಿಸುವುದಾದರೆ ಅಂತಾರಾಷ್ಟ್ರೀಯ ಪರವಾನಗಿಯಲ್ಲಿ ದ್ವಿಚಕ್ರದ ಮುದ್ರೆ ಇರಲೇಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆ ಕಂಪನಿ ಕೈ ಎತ್ತಿಬಿಡುತ್ತದೆ.

ಕೊನೆಗೆ ದುಡ್ಡಿನ ವಿಷಯ. 1997ರ ಮಧ್ಯದಲ್ಲಿ ಒಂದು ಡಾಲರ್‌ಗೆ ಸುಮಾರು 2,400 ರುಪಿಯಾ ಇತ್ತು, 2025ರಲ್ಲಿ 16,000 ದಾಟಿತ್ತು. ಆ ಕುಸಿತದ ದೊಡ್ಡ ಪಾಲು 1998ರ ಬಿಕ್ಕಟ್ಟಿನಲ್ಲೇ ಆದದ್ದು. ಹಾಗಾಗಿ ಖರ್ಚಿಗೆ ಬೇಕಾದಷ್ಟನ್ನೇ ರುಪಿಯಾದಲ್ಲಿ ಇಡಿ. ನೀವು ಅನಿವಾಸಿ ಆಗಿರುವಾಗ ಸಿಂಗಾಪುರದ ಸಂಬಳದಿಂದ ಕಟ್ಟಿದರೆ ರಿಸರ್ವ್ ಬ್ಯಾಂಕಿನ ಮಿತಿ ಅಡ್ಡ ಬರುವುದಿಲ್ಲ. ಆದರೆ ಸಾಗರದಿಂದ ಅಪ್ಪ ದುಡ್ಡು ಕಳಿಸಿದರೆ ಅದು ಉದಾರೀಕೃತ ರವಾನೆ ಯೋಜನೆಯ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿಯೊಳಗೆ ಬರುತ್ತದೆ. ಇಂಥ ರವಾನೆ 10 ಲಕ್ಷ ರೂಪಾಯಿ ದಾಟಿದರೆ ಮೇಲಿನ ಮೊತ್ತಕ್ಕೆ ಬ್ಯಾಂಕ್ 20% ತೆರಿಗೆ ಮುಂಗಡವಾಗಿ ಹಿಡಿಯುತ್ತದೆ. ರಿಟರ್ನ್ಸ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ನೀವು ಮುಂದೆ ಊರಿಗೆ ಮರಳಿ ತೆರಿಗೆಯ ಲೆಕ್ಕದಲ್ಲಿ ಪೂರ್ಣ ನಿವಾಸಿ ಆದ ಮೇಲೆ ಅಲ್ಲಿನ ಬ್ಯಾಂಕ್ ಖಾತೆ, ಗುತ್ತಿಗೆ ಹಕ್ಕು ಎಲ್ಲವನ್ನೂ ರಿಟರ್ನ್ಸ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಬೇಕು. ಬೇರೆಯವರ ಹೆಸರಲ್ಲಿದ್ದು ಲಾಭ ನಿಮಗೆ ಬರುವ ಆಸ್ತಿಯೂ ಇದರಲ್ಲಿ ಸೇರುತ್ತದೆ. ಬಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡ. ಗುತ್ತಿಗೆ ಪತ್ರ, ಬ್ಯಾಂಕ್ ರವಾನೆ ರಸೀದಿ, ಮಾಲೀಕ ತೆರಿಗೆ ಕಟ್ಟಿದ ಚೀಟಿ ಇವುಗಳ ಪ್ರತಿಗಳನ್ನು ಮೊದಲ ದಿನದಿಂದಲೇ ಒಂದು ಕಡೆ ಜೋಡಿಸಿಡಿ. ನಗದು ಕೊಡಲೇಬೇಡಿ, ಎಷ್ಟೇ ರಿಯಾಯಿತಿ ಕೊಡುತ್ತೇನೆ ಅಂದರೂ.